ದೊಡ್ಡವರಿಗೂ ಸಿಗಲಿ ಹೆಪಟೈಟಿಸ್ ಬಿ ಲಸಿಕೆ



ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುದುಮಲೆ ಕಾಡಿನ ರಸ್ತೆ ಮುಚ್ಚುವುದರಿಂದ ಲಾರಿ ಚಾಲಕರು ನಮ್ಮ ತೊರಪಳ್ಳಿಯಲ್ಲಿ ತಂಗುತ್ತಾರೆ. ಅವರಿಗೂ ಊರಿನವರಿಗೂ ಹೆಪಟೈಟಿಸ್ ಬಿ ಬಗ್ಗೆ ಎಚ್ಚರ ಬೇಕು. ಅಸುರಕ್ಷಿತ ಲೈಂಗಿಕ ಸಂಪರ್ಕ, ಇನ್ನೊಬ್ಬರು ಬಳಸಿದ ಸೂಜಿ, ಬ್ಲೇಡುಗಳಿಂದ ಹರಡುವ ಹೆಪಟೈಟಿಸ್ ಬಿ ಯಕೃತ್ತನ್ನೇ ಕೆಡಿಸುತ್ತದೆ. ಮಕ್ಕಳಿಗೆ ಇದರ ಲಸಿಕೆ ದೇಶದಾದ್ಯಂತ ವಿಸ್ತರಣೆಯಾದದ್ದು 2011ರಲ್ಲಿ. ದೊಡ್ಡವರಲ್ಲಿ ಹಲವರು ಅದನ್ನು ಪಡೆದಿಲ್ಲ. ಪುರುಷರೊಂದಿಗೆ ಸಂಬಂಧವಿರುವ ಪುರುಷರಂತೂ ಅಂಜಿಕೆಯಿಂದ ಆಸ್ಪತ್ರೆಯಲ್ಲಿ ಬಾಯಿ ಬಿಡಲಾರರು.

ಆರೋಗ್ಯ ಇಲಾಖೆ ಕನ್ನಡ, ಬಡಗ, ತಮಿಳು, ಮಲಯಾಳಂಗಳಲ್ಲಿ ಕಿರು ವಿಡಿಯೊ ಮಾಡಿ ವಾಟ್ಸ್‌ಆ್ಯಪ್, ಯೂಟ್ಯೂಬ್‌ಗಳಲ್ಲಿ ಹಂಚಲಿ. ಲಸಿಕೆ ಸಿಗುವ ಜಾಗ, ಸಮಯ ತಿಳಿಸಲಿ. ಮೊದಲ ಡೋಸಿನ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಬೇಕು. ಅದನ್ನೂ ಸಂದೇಶದ ಮೂಲಕ ನೆನಪಿಸಲಿ. ಹತ್ತಿರದ ಗೂಡಲೂರಿನಲ್ಲಿ ಗುಟ್ಟು ಕಾಪಾಡಿ, ಉಚಿತವಾಗಿ ಲಸಿಕೆ ಹಾಕಲಿ. ಜುಲೈ 28ರ ವಿಶ್ವ ಹೆಪಟೈಟಿಸ್ ದಿನದಂದೇ ಇದು ಶುರುವಾಗಲೆಂದು ವಿನಂತಿ.

– ಓದುಗ, ತೊರಪಳ್ಳಿ, ನೀಲಗಿರಿ ಜಿಲ್ಲೆ