ಒಂದು ‘ಯೆಸ್ ಸರ್’ ಕಲಿಸಿದ ಇಂಗ್ಲಿಷ್

2022ರ ಅಕ್ಟೋಬರ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ. ಎದುರಿಗೆ ಇಬ್ಬರು ಕೂತಿದ್ದರು. ಹೆಸರು, ಊರು, ಡಿಗ್ರಿ ಎಲ್ಲ ಕೇಳಿಯಾದ ಮೇಲೆ ಒಬ್ಬರು ಮೆಲ್ಲಗೆ ‘ಡು ಯು ಮೈಂಡ್ ವರ್ಕಿಂಗ್ ನೈಟ್ ಶಿಫ್ಟ್ಸ್?’ ಎಂದರು. ನನಗೆ ಕೇಳಿಸಿದ್ದು ‘ನೈಟ್ ಶಿಫ್ಟ್’ ಎಂಬ ಎರಡು ಪದ ಅಷ್ಟೇ. ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟ್ ಬಂದರೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ, ಮೋಟರ್ ಹಾಕಿ, ಬೆಳಗಿನ ಜಾವದವರೆಗೆ ನೀರು ಕಟ್ಟಿದವನು ನಾನು. ರಾತ್ರಿ ಕೆಲಸ ನನಗೇನು ಹೊಸತೇ? ಜೋರಾಗಿಯೇ ‘ಯೆಸ್ ಸರ್’ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡು ‘ಓಕೆ, ಥ್ಯಾಂಕ್ಯೂ’ ಎಂದರು.

ವಾಪಸ್ ಬರುವ ಬಸ್ಸು ಹಿರಿಯೂರು ಮುಟ್ಟುವ ಹೊತ್ತಿಗೆ ನನ್ನ ತಪ್ಪು ನನಗೆ ಹೊಳೆಯಿತು. ಅವರು ಕೇಳಿದ್ದು, ರಾತ್ರಿ ಪಾಳಿಗೆ ನಿಮ್ಮ ಅಭ್ಯಂತರವಿದೆಯೇ ಎಂದು. ನಾನು ಹೇಳಿದ್ದು, ಹೌದು, ಇದೆ ಎಂದು. ಅದೂ ಎದೆಯುಬ್ಬಿಸಿಕೊಂಡು. ಕೆಲಸ ಸಿಗದಿರುವುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು, ಕಂಪನಿಯವರನ್ನು ದೂರುವುದಿಲ್ಲ. ಆದರೆ ಆ ‘ಯೆಸ್’ ಮಾತ್ರ ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಅದಕ್ಕೂ ಮೊದಲು ಐದನೇ ತರಗತಿಗೆ ಬಂದ ಮೇಲೆಯೇ ಎಬಿಸಿಡಿ. ನಾನು ಶಾಲೆಗೆ ಸೇರಿದ್ದು ಅದೇ ವರ್ಷ, ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಂದರೆ ಒಂದನೇ ತರಗತಿಯಿಂದ ಇಂಗ್ಲಿಷ್ ಓದಿದ ಮೊದಲ ಬ್ಯಾಚು ನಮ್ಮದು. ಡಿಗ್ರಿ ಮುಗಿಸುವ ಹೊತ್ತಿಗೆ ಹದಿನೈದು ವರ್ಷ ಇಂಗ್ಲಿಷ್ ನನ್ನ ಬ್ಯಾಗಿನಲ್ಲಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 100ಕ್ಕೆ 81 ಬಂದಿತ್ತು. ಆ್ಯಕ್ಟಿವ್ ವಾಯ್ಸ್ ಕೊಟ್ಟರೆ ಪ್ಯಾಸಿವ್ ಮಾಡುತ್ತಿದ್ದೆ, ಡೈರೆಕ್ಟ್ ಸ್ಪೀಚ್ ಕೊಟ್ಟರೆ ಇನ್‌ಡೈರೆಕ್ಟ್ ಮಾಡುತ್ತಿದ್ದೆ. ಆ ಹದಿನೈದು ವರ್ಷಗಳಲ್ಲಿ ಇನ್ನೊಬ್ಬ ಮನುಷ್ಯನ ಜೊತೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿದ್ದು ಎಷ್ಟು ಸಲ ಎಂದು ಎಣಿಸಿದರೆ, ಒಂದು ಕೈಯ ಬೆರಳುಗಳು ಸಾಕು. ಮೂರು ಗಂಟೆ ಕೂತು ಬರೆದದ್ದಕ್ಕೆ ಅಂಕ ಬಂತು. ಬಾಯಿಗೆ ಪರೀಕ್ಷೆಯೇ ಇರಲಿಲ್ಲ.

ಯಾಕೆ ಮಾತಾಡಲಿಲ್ಲ? ಇದಕ್ಕೆ ಮೇಷ್ಟ್ರನ್ನೋ ಸಿಲಬಸ್ಸನ್ನೋ ಬಯ್ಯುವುದು ಸುಲಭ. ನಿಜ ಹೇಳಬೇಕೆಂದರೆ ನಾವೇ ಒಬ್ಬರನ್ನೊಬ್ಬರು ಮಾತಾಡಲು ಬಿಡಲಿಲ್ಲ. ಹಾಸ್ಟೆಲಿನಲ್ಲಿ ಯಾವನಾದರೂ ಬಾಯಿ ತೆರೆದು ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರೆ ಮುಗಿಯಿತು. ‘ಏನ್ ದೊರೆ, ಲಂಡನ್‌ನಿಂದ ಯಾವಾಗ ಬಂದ್ರಿ?’ ಎಂದು ಒಬ್ಬ ಶುರು ಮಾಡಿದರೆ ಉಳಿದವರು ವಾರಗಟ್ಟಲೆ ಅದನ್ನೇ ಎಳೆಯುತ್ತಿದ್ದರು. ತಪ್ಪು ಮಾತಾಡಿದರೆ ಗೇಲಿ, ಸರಿಯಾಗಿ ಮಾತಾಡಿದರೆ ಅಹಂಕಾರ. ಹಾಗೆ ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. ಪರಿಣಾಮ ಏನಾಯಿತು? ಹಾಸ್ಟೆಲಿನ ಕಟ್ಟೆಯ ಮೇಲೆ, ಯಾರಿಗೂ ನಷ್ಟವಿಲ್ಲದ ಜಾಗದಲ್ಲಿ ಮಾಡಿ ಮುಗಿಸಬೇಕಿದ್ದ ತಪ್ಪುಗಳನ್ನೆಲ್ಲ ನಾವು ಹಾಗೇ ಕಾಪಾಡಿಕೊಂಡು ಬಂದು ಇಂಟರ್‌ವ್ಯೂ ಟೇಬಲ್ಲಿನ ಮೇಲೆ ಸುರಿದೆವು.

ನನ್ನ ಗೆಳೆಯರಲ್ಲಿ ಒಬ್ಬ ಹೊಳಲ್ಕೆರೆಯವನು, ಇನ್ನೊಬ್ಬಳು ಹಿರಿಯೂರಿನವಳು. ಮೂವರದ್ದೂ ಹೆಚ್ಚು ಕಡಿಮೆ ಇದೇ ಕಥೆ. ಆ ವರ್ಷದ ಕೊನೆಗೆ ನಾವೊಂದು ಒಪ್ಪಂದಕ್ಕೆ ಬಂದೆವು. ದಿನಕ್ಕೆ ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತು. ಓದಲು ಚಿತ್ರದುರ್ಗದ ಲೈಬ್ರರಿಗೆ ಹೋಗುವ ದಿನ ಹೊಳಲ್ಕೆರೆಯಲ್ಲಿ ಬಸ್ಸು ಹತ್ತುವ ಗೆಳೆಯನ ಜೊತೆ ನಾನು. ಉಳಿದ ದಿನ ಮೂವರೂ ಫೋನಿನಲ್ಲಿ. ನಗಬಾರದು ಎಂಬ ನಿಯಮ ಮೊದಲ ದಿನವೇ ಮುರಿದುಬಿತ್ತು. ಹಾಗಾಗಿ ನಗಬಹುದು, ಆದರೆ ನಕ್ಕವರು ಆ ವಾಕ್ಯವನ್ನು ಸರಿಯಾಗಿ ಹೇಳಿ ತೋರಿಸಬೇಕು ಎಂದು ತಿದ್ದುಪಡಿ ತಂದೆವು. ನಗು ತಾನಾಗಿ ಕಡಿಮೆಯಾಯಿತು.

ಕೆಲವೇ ವಾರಗಳಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ನಾವು ಮೂವರೂ ಮಾಡುವ ತಪ್ಪುಗಳು ಒಂದೇ ಥರ. ಅವು ದಡ್ಡತನದ ತಪ್ಪುಗಳಲ್ಲ, ಒಳಗಿನಿಂದ ಕನ್ನಡ ಇಣುಕುವ ಜಾಗಗಳು. ನೋಡಿ, ‘ನಾಳೆ ಬರ್ತೀನಿ’ ಎನ್ನುವಾಗಲೂ ‘ದಿನಾ ಬರ್ತೀನಿ’ ಎನ್ನುವಾಗಲೂ ಕನ್ನಡದಲ್ಲಿ ಕ್ರಿಯಾಪದ ಒಂದೇ. ಆದ್ದರಿಂದ ನಮ್ಮ ಬಾಯಲ್ಲಿ ‘ಐ ವಿಲ್ ಗೋ ಟು ಲೈಬ್ರರಿ ಡೈಲಿ’ ಬರುತ್ತದೆ. ಇಂಗ್ಲಿಷಿನವರು ರೂಢಿಗೆ ‘ಐ ಗೋ’ ಎಂದೂ ನಾಳೆಯ ಮಾತಿಗೆ ‘ಐ ವಿಲ್ ಗೋ’ ಎಂದೂ ಬೇರೆ ಮಾಡುತ್ತಾರೆ. ‘2022ರಲ್ಲಿ ಡಿಗ್ರಿ ಮುಗಿಸಿದ್ದೇನೆ’ ಎಂದರೆ ಕನ್ನಡದಲ್ಲಿ ಏನೂ ತಪ್ಪಿಲ್ಲ. ಅದನ್ನೇ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2022’ ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ಇಸವಿ ಹೇಳಿದ ಮೇಲೆ ಆ ‘ಹ್ಯಾವ್’ ಬಿಟ್ಟು ‘ಐ ಕಂಪ್ಲೀಟೆಡ್’ ಎನ್ನಬೇಕು. ಇಂಟರ್‌ವ್ಯೂಗೆ ಹೋಗುವ ಪ್ರತಿಯೊಬ್ಬರೂ ಹೇಳಲೇಬೇಕಾದ ವಾಕ್ಯ ಇದು, ನಮ್ಮಲ್ಲಿ ಹೆಚ್ಚಿನವರು ಎಡವುವುದೂ ಇದರಲ್ಲೇ. ‘ಐ ಯಾಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಮತ್ತು ‘ಮೈಸೆಲ್ಫ್ ಫ್ರಮ್ ಹೊಸದುರ್ಗ’ ಇವುಗಳ ಬಗ್ಗೆ ಹೇಳುವುದೇ ಬೇಡ, ನಾನೇ ಅವುಗಳ ಬ್ರಾಂಡ್ ಅಂಬಾಸಿಡರ್ ಆಗಿದ್ದೆ.

ಅತಿ ಅಪಾಯದ್ದು ಹೌದು-ಇಲ್ಲಗಳ ಲೆಕ್ಕ. ‘ಅವನು ಬಂದಿಲ್ವಾ?’ ಎಂದರೆ ನಾವು ‘ಹೂಂ, ಬಂದಿಲ್ಲ’ ಎನ್ನುತ್ತೇವೆ. ಕೇಳಿದವರ ಮಾತು ನಿಜ ಎಂದು ಒಪ್ಪಿಕೊಳ್ಳುವ ಹೂಂ ಅದು. ಇಂಗ್ಲಿಷಿನಲ್ಲಿ ಹಾಗಲ್ಲ. ಕೇಳಿದ ರೀತಿ ಹೇಗಾದರೂ ಇರಲಿ, ಬಂದಿದ್ದರೆ ‘ಯೆಸ್’, ಬಾರದಿದ್ದರೆ ‘ನೋ’. ‘ಯು ಡೋಂಟ್ ಹ್ಯಾವ್ ಎಕ್ಸ್‌ಪೀರಿಯೆನ್ಸ್?’ ಎಂದು ಕೇಳಿದಾಗ ಅನುಭವ ಇಲ್ಲದವನು ‘ಯೆಸ್’ ಎಂದರೆ ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ. ‘ಡು ಯು ಮೈಂಡ್’ ಇನ್ನೂ ಕಿಲಾಡಿ. ಅಲ್ಲಿ ಸಂತೋಷವಾಗಿ ಒಪ್ಪಿಕೊಳ್ಳಬೇಕಾದರೆ ‘ನೋ’ ಅಥವಾ ‘ನಾಟ್ ಅಟ್ ಆಲ್’ ಎನ್ನಬೇಕು. ನಾನು ಓದಿದ ಯಾವ ಗ್ರಾಮರ್ ಪುಸ್ತಕವೂ ಇದನ್ನು ನನ್ನ ತಲೆಗೆ ಇಳಿಸಲಿಲ್ಲ. ಇಳಿಸಿದ್ದು ಗೆಳೆಯ. ಒಂದು ತಿಂಗಳು ಪ್ರತಿದಿನ, ಕಿಟಕಿ ತೆಗೀಲಾ, ಇಲ್ಲಿ ಕೂರ್ಲಾ, ನಿನ್ನ ಕಡ್ಲೆಕಾಯಿ ತಿನ್ಲಾ ಎಂದು ‘ಡು ಯು ಮೈಂಡ್’ ಹಾಕಿಯೇ ಕೇಳಿ ತಲೆ ತಿಂದ. ‘ಯೆಸ್’ ಎಂದ ದಿನ ಕಡ್ಲೆಕಾಯಿ ನನಗೇ ಉಳಿಯುತ್ತಿತ್ತು, ಅದು ಬೇರೆ ಮಾತು.

ಇನ್ನೊಂದು ಸಂಗತಿಗೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಹಳ್ಳಿಯ ಹುಡುಗರು ಇಂಗ್ಲಿಷಿನಲ್ಲಿ ಒರಟು ಎಂಬ ಮಾತನ್ನು ಬೆಂಗಳೂರಿನಲ್ಲಿ ಕೇಳಿದ್ದೇನೆ. ನಾವು ಒರಟರಲ್ಲ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ‘ಕೊಡು’ ಬೇರೆ, ‘ಕೊಡಿ’ ಬೇರೆ. ‘ಸರ್, ಸ್ವಲ್ಪ ಪೆನ್ ಕೊಡಿ’ ಎಂದರೆ ಅದರಲ್ಲಿ ವಿನಯವೆಲ್ಲ ಬಂದಾಯಿತು. ಆ ವಾಕ್ಯವನ್ನು ‘ಸರ್, ಗಿವ್ ಪೆನ್’ ಮಾಡಿದಾಗ ಆ ‘ಇ’ಕಾರ ದಾರಿಯಲ್ಲೇ ಉದುರಿಹೋಗುತ್ತದೆ, ಉಳಿಯುವುದು ಬರೀ ಅಪ್ಪಣೆ. ‘ನಿಮ್ಮ ಹೆಸರು ಹೇಳಿ ಮೇಡಂ’ ಎಂಬುದು ‘ಟೆಲ್ ಯುವರ್ ನೇಮ್’ ಆಗುತ್ತದೆ. ಇಂಗ್ಲಿಷಿನಲ್ಲಿ ಮರ್ಯಾದೆಯನ್ನು ವಾಕ್ಯದ ಮುಂದೆ ಕಟ್ಟಬೇಕು, ‘ಕುಡ್ ಯು’, ‘ಮೇ ಐ’, ‘ವುಡ್ ಯು’ ಎಂದು. ಕಾಲ್ ಸೆಂಟರಿಗೋ ಬ್ಯಾಂಕಿನ ಕೌಂಟರಿಗೋ ಆಸ್ಪತ್ರೆಯ ರಿಸೆಪ್ಷನ್ನಿಗೋ ಕೆಲಸಕ್ಕೆ ಹೋಗುವವರಿಗೆ ಈ ನಾಲ್ಕಾರು ಪದಗಳು ಇಡೀ ಟೆನ್ಸ್ ಚಾರ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಹಿರಿಯೂರಿನ ಗೆಳತಿ ಈಗ ಇಂಥದ್ದೇ ಒಂದು ಕೌಂಟರಿನಲ್ಲಿ ಕೂರುತ್ತಾಳೆ. ಅವಳೂ ಇದನ್ನೇ ಹೇಳುತ್ತಾಳೆ.

ಪದಗಳ ವಿಷಯಕ್ಕೆ ಬಂದರೆ, ಆ ಇಂಟರ್‌ವ್ಯೂನಲ್ಲೇ ಇನ್ನೊಂದು ಪಜೀತಿ ಆಗಿತ್ತು. ‘ನಿಮ್ಮ ಕಡೆ ಏನು ವಿಶೇಷ?’ ಎಂದು ಕೇಳಿದರು. ಆ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಮಾತೆಂದರೆ ಒಂದೇ ಮಾತು, ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು. 1933ರ ನಂತರ 89 ವರ್ಷಕ್ಕೆ ಕೋಡಿ ಬಿದ್ದಿತ್ತು. ಹಿನ್ನೀರು ನಮ್ಮೂರಿನ ತೋಟಗಳ ಅಂಚಿಗೆ ಬಂದಿತ್ತು, ಅಜ್ಜ-ಅಜ್ಜಿಯರೆಲ್ಲ ಬಾಗಿನ ಹಿಡಿದು ಹೊರಟಿದ್ದರು. ಹೇಳಲು ಎದೆ ತುಂಬ ವಿಷಯ ಇತ್ತು. ಆದರೆ ‘ಕೋಡಿ ಬೀಳುವುದು’ ಎಂಬುದಕ್ಕೆ ಇಂಗ್ಲಿಷ್ ಪದ ಹೊಳೆಯದೆ ನಾನು ಸುಮ್ಮನೆ ‘ಫೋರ್ಟ್, ಸರ್’ ಎಂದುಬಿಟ್ಟೆ. ಆಮೇಲೆ ಗೆಳತಿ ನಕ್ಕು ಹೇಳಿದಳು: ‘ದ ಡ್ಯಾಮ್ ಈಸ್ ಫುಲ್, ವಾಟರ್ ಈಸ್ ಫ್ಲೋಯಿಂಗ್ ಔಟ್ ಅಂದಿದ್ರೆ ಆಗ್ತಿರ್ಲಿಲ್ವೇನೋ?’ ಆಗುತ್ತಿತ್ತು. ದೊಡ್ಡ ಪದ ಸಿಗಲಿಲ್ಲ ಎಂದು ಸಣ್ಣ ಪದಗಳನ್ನೂ ಬಿಟ್ಟೆ. ಹಾಗಾಗಿ ಪದ ಗೊತ್ತಿಲ್ಲದಿದ್ದರೆ ಕನ್ನಡಕ್ಕೆ ಜಾರುವ ಬದಲು ಗೊತ್ತಿರುವ ಪದಗಳಲ್ಲೇ ಸುತ್ತಿ ಬಳಸಿ ಹೇಳುವುದನ್ನು ನಾವು ರೂಢಿ ಮಾಡಿಕೊಂಡೆವು.

ಮಾತಾಡಲು ವಿಷಯವೇ ಇಲ್ಲ ಎನ್ನುವವರಿಗೆ ಒಂದು ಅಭ್ಯಾಸ ಹೇಳುತ್ತೇನೆ. ಓಬವ್ವನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ. ಚಿತ್ರದುರ್ಗದ ಕಡೆಯವರಿಗೆ ಆ ಕಥೆ ನಿದ್ದೆಯಲ್ಲೂ ಗೊತ್ತು, ಆದ್ದರಿಂದ ಏನು ಹೇಳಬೇಕೆಂದು ಯೋಚಿಸುವ ಕಷ್ಟವಿಲ್ಲ, ಹೇಗೆ ಹೇಳಬೇಕೆಂದಷ್ಟೇ ಯೋಚಿಸಿದರೆ ಸಾಕು. ಕಾವಲಿನ ಗಂಡ ಊಟಕ್ಕೆ ಬಂದ, ಅವಳು ನೀರಿಗೆ ಹೋದಳು, ಸದ್ದು ಕೇಳಿದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರುವುದನ್ನು ಕಂಡಳು, ಒನಕೆ ತೆಗೆದುಕೊಂಡಳು, ಹೊಡೆದಳು. ಕೇಮ್, ವೆಂಟ್, ಹರ್ಡ್, ಸಾ, ಟುಕ್, ಹಿಟ್. ನಾವು ಸದಾ ತಪ್ಪುವ ಭೂತಕಾಲದ ರೂಪಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಕಿಂಡಿಗೆ ‘ಹೋಲ್’ ಎನ್ನಬೇಕೋ ‘ಗ್ಯಾಪ್’ ಎನ್ನಬೇಕೋ ಎಂದು ನಾವು ಮೂವರು ಅರ್ಧ ಗಂಟೆ ಜಗಳವಾಡಿದ್ದೇವೆ. ಇನ್ನೂ ತೀರ್ಮಾನವಾಗಿಲ್ಲ. ಸಾಣೇಹಳ್ಳಿಯಲ್ಲಿ ನಾಟಕದ ತಾಲೀಮು ನೋಡಿದವರಿಗೆ ಗೊತ್ತಿರುತ್ತದೆ, ನಟರು ಮಾತನ್ನು ಮನಸ್ಸಿನಲ್ಲೇ ಓದಿಕೊಂಡು ರಂಗದ ಮೇಲೆ ಬರುವುದಿಲ್ಲ. ಗಟ್ಟಿಯಾಗಿ, ಎದುರಿನ ನಟನಿಗೆ, ಮತ್ತೆ ಮತ್ತೆ ಹೇಳಿಯೇ ಬಾಯಿಗೆ ಕೂರಿಸಿಕೊಳ್ಳುತ್ತಾರೆ.

ಹಾಗೆಂದು ನಮ್ಮ ಇಂಗ್ಲಿಷಿನಲ್ಲಿರುವ ಕನ್ನಡತನವನ್ನೆಲ್ಲ ಉಜ್ಜಿ ತೊಳೆಯಬೇಕೆಂದು ನಾನು ಹೇಳುತ್ತಿಲ್ಲ. ‘ಪ್ರೀಪೋನ್’ ಎಂದು ನಕ್ಕವರಿಗೆ ಆ ಪದ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ ಎಂದು ತೋರಿಸಬಹುದು. ‘ವಾಟ್ ಈಸ್ ಯುವರ್ ನೇಟಿವ್ ಪ್ಲೇಸ್?’ ಎಂದರೆ ಇಡೀ ದೇಶಕ್ಕೆ ಅರ್ಥವಾಗುತ್ತದೆ. ಉಚ್ಚಾರಣೆಯಂತೂ ಸ್ಪಷ್ಟವಾಗಿದ್ದರೆ ಸಾಕು, ಅಮೆರಿಕದವರ ಹಾಗೆ ನಾಲಿಗೆ ಮಡಚಬೇಕಾಗಿಲ್ಲ. ‘ನೀನು ನಿಮ್ಮಪ್ಪನಿಗೆ ಎಷ್ಟನೇ ಮಗ?’ ಎಂದು ನೇರವಾಗಿ ಕೇಳಲು ಇಂಗ್ಲಿಷಿನಲ್ಲಿ ಪದವೇ ಇಲ್ಲ. ಅವರ ಭಾಷೆಗೂ ಒಂದಿಷ್ಟು ಬಡತನವಿದೆ ಎಂದು ತಿಳಿದ ದಿನ ನನ್ನ ಅರ್ಧ ಭಯ ಹೋಯಿತು. ತಿದ್ದಿಕೊಳ್ಳಬೇಕಾದದ್ದು ಅರ್ಥ ಕೆಡಿಸುವ ತಪ್ಪುಗಳನ್ನು, ನನ್ನ ‘ಯೆಸ್ ಸರ್’ನಂಥವನ್ನು.

ಇಂಗ್ಲಿಷ್ ಅಭ್ಯಾಸ ಎಂದ ಕೂಡಲೇ ಕನ್ನಡಕ್ಕೆ ದ್ರೋಹ ಎನ್ನುವವರೂ ಇದ್ದಾರೆ. ಅನಂತಮೂರ್ತಿ, ಲಂಕೇಶ್, ಚಂದ್ರಶೇಖರ ಪಾಟೀಲರು ಇಂಗ್ಲಿಷ್ ಮೇಷ್ಟ್ರುಗಳಾಗಿದ್ದುಕೊಂಡೇ ಕನ್ನಡದಲ್ಲಿ ಬರೆದರು. ಅವರಿಗಿಂತ ಮುಂಚೆ ಬಿ.ಎಂ.ಶ್ರೀಯವರೂ ಇಂಗ್ಲಿಷ್ ಪ್ರೊಫೆಸರೇ. ನನ್ನ ಅನುಭವವನ್ನೇ ಕೇಳಿದರೆ, ಇಂಗ್ಲಿಷ್ ತಪ್ಪುಗಳನ್ನು ಹುಡುಕಲು ಹೊರಟ ಮೇಲೆಯೇ ಕನ್ನಡ ವ್ಯಾಕರಣ ಎಷ್ಟು ಚೆಂದ ಇದೆ ಎಂದು ಗಮನಿಸಿದ್ದು.

ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂದು ಫ್ಲೆಕ್ಸ್ ಹಾಕಿದ ಕೋಚಿಂಗ್‌ಗಳಿಗೆ ಸಾವಿರಗಟ್ಟಲೆ ಕಟ್ಟುವ ಗೆಳೆಯರನ್ನು ನೋಡುತ್ತೇನೆ. ಕಟ್ಟುವುದಾದರೆ ಒಂದು ಪ್ರಶ್ನೆ ಕೇಳಿ ಕಟ್ಟಿ: ಕ್ಲಾಸಿನಲ್ಲಿ ಬಾಯಿ ತೆರೆಯುವುದು ಮೇಷ್ಟ್ರೋ ನಾವೋ? ನಾನು ಹೋದ ಒಂದು ಕಡೆ ನಲವತ್ತು ಜನ ಕೂತು ಒಬ್ಬರ ಇಂಗ್ಲಿಷ್ ಕೇಳುತ್ತಿದ್ದೆವು. ಎರಡು ವಾರದ ನಂತರ ನಾನು ಹೋಗಲಿಲ್ಲ, ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಹೋದ ವಾರ ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಗೆಳೆಯ ಹತ್ತಿದ. ನನ್ನ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಇವನು ಅಭ್ಯಾಸಬಲದಿಂದ ಅವರನ್ನೇ ನೋಡಿ, ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದುಬಿಟ್ಟ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಬುಟ್ಟಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ‘ಅದೇನಂತೀಯೋ ಏನೋ, ಕುಂತ್ಕಳಪ್ಪ’ ಎಂದರು. ನಾವಿಬ್ಬರೂ ಚಿತ್ರದುರ್ಗ ಬರುವವರೆಗೆ ಅವರಿಗೆ ‘ನಾಟ್ ಅಟ್ ಆಲ್’ ಹೇಳಿಕೊಟ್ಟೆವು. ಇಳಿಯುವಾಗ ಕಂಡಕ್ಟರ್ ‘ಅಜ್ಜಿ, ಬುಟ್ಟಿಗೆ ಲಗೇಜ್ ಕೊಡ್ತೀಯಾ?’ ಎಂದರೆ ಅವರು ಅದನ್ನೇ ಅಂದರು.