ವಾಟ್ಸಾಪ್ ಆಡಳಿತ: ಗುಟ್ಟಾಗಿರಬೇಕಾದ್ದು ಬಯಲಿಗೆ, ಬಯಲಾಗಬೇಕಾದ್ದು ಡಿಲೀಟ್!

2025ರ ಮಾರ್ಚ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಸ್, ಯೆಮೆನ್ ಮೇಲಿನ ದಾಳಿಯ ಚರ್ಚೆಗೆ ಮಾಡಿದ್ದ ಸಿಗ್ನಲ್ ಗ್ರೂಪಿಗೆ 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅವರನ್ನೂ ಸೇರಿಸಿಬಿಟ್ಟರು. ಆ್ಯಪನ್ನು ಯಾರೂ ಹ್ಯಾಕ್ ಮಾಡಿರಲಿಲ್ಲ, ಎಡವಿದ್ದು ಮನುಷ್ಯರು. ಆದರೆ ಇನ್ನೊಂದು ವಿಷಯ ಅಷ್ಟಾಗಿ ಚರ್ಚೆಯಾಗಲಿಲ್ಲ. ಆ ಗ್ರೂಪಿನ ಕೆಲವು ಮೆಸೇಜ್‌ಗಳು ತಾವಾಗಿಯೇ ಅಳಿಸಿಹೋಗುವಂತೆ ಸೆಟ್ ಆಗಿದ್ದವು. ಅವನ್ನು ಉಳಿಸಿಕೊಳ್ಳಿ ಅಂತ ಕೋರ್ಟೇ ಆದೇಶಿಸಬೇಕಾಯಿತು.

ಅಮೆರಿಕ ನೋಡಿ ನಗೋದು ಸುಲಭ. ನಮ್ಮ ಕಥೆ ಏನು?

2020ರ ಮಾರ್ಚ್ ನೆನಪಿಸಿಕೊಳ್ಳಿ. ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು. ಬೆಂಗಳೂರಿನ ಪಟ್ಟಿಯಲ್ಲಿ ಹೆಸರು ಇರಲಿಲ್ಲ ನಿಜ, ಆದರೆ ಮನೆ ವಿಳಾಸ ಇತ್ತು. ಪಿಡಿಎಫ್ ವಾಟ್ಸಾಪ್‌ಗೆ ಇಳಿದ ಮೇಲೆ ಕೇಳಬೇಕೆ? ಅಪಾರ್ಟ್‌ಮೆಂಟ್ ಗ್ರೂಪುಗಳಿಗೆ ಹರಡಿತು. ಪಟ್ಟಿಯಲ್ಲಿದ್ದವರನ್ನು ಅಕ್ಕಪಕ್ಕದವರು ಅಪರಾಧಿಗಳಂತೆ ನೋಡಿದರು. ಸರ್ಕಾರ ಮನಸ್ಸು ಬದಲಾಯಿಸಿದರೂ ಫಾರ್ವರ್ಡ್ ಆದ ಪಿಡಿಎಫ್ ವಾಪಸ್ ಬರಲ್ಲ.

ಇದೇ ಅಭ್ಯಾಸ ಈಗ ದಿನನಿತ್ಯದ ಆಡಳಿತ. ನಾಗಸಂದ್ರದ ಒಬ್ಬರು ಚರಂಡಿ ಕಟ್ಟಿಕೊಂಡಿದೆ ಅಂತ ವಾರ್ಡ್ ಗ್ರೂಪಿನಲ್ಲಿ ದೂರು ಹಾಕಿದರು ಅಂದುಕೊಳ್ಳಿ. ಅವರ ನಂಬರು, ಮನೆ ಎಲ್ಲಿದೆ ಅನ್ನೋದು ನೂರಾರು ಜನರಿಗೆ, ಆ ಕಾಮಗಾರಿಯ ಗುತ್ತಿಗೆದಾರನಿಗೂ, ಗೊತ್ತಾಗುತ್ತೆ. ಆದರೆ ದೂರಿನ ಬಗ್ಗೆ ಇಂಜಿನಿಯರ್ ಏನು ತೀರ್ಮಾನ ತಗೊಂಡರು? ಅದು ಇನ್ಯಾವುದೋ ಖಾಸಗಿ ಚಾಟ್‌ನಲ್ಲಿ. ಅಧಿಕಾರಿ ವರ್ಗವಾದರೆ ಫೋನಿನ ಜೊತೆ ಅದೂ ಹೋಯಿತು. ಫೈಲಿನಲ್ಲಿ ಒಂದು ಸಾಲೂ ಇಲ್ಲ.

ಅಂದರೆ ಪೂರಾ ಉಲ್ಟಾ. ಪ್ರಜೆಯ ವಿವರ ಗುಟ್ಟಾಗಿರಬೇಕು, ಸರ್ಕಾರದ ತೀರ್ಮಾನ ಬಯಲಾಗಿರಬೇಕು. ವಾಟ್ಸಾಪ್ ಆಡಳಿತದಲ್ಲಿ ಪ್ರಜೆ ಬಯಲಿಗೆ, ತೀರ್ಮಾನ ಕತ್ತಲೆಗೆ.

ಕಾನೂನು ಇಲ್ಲವೇ? ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಖ್ಯೆಯಲ್ಲಿ ಇ-ಮೇಲ್ ಮಾತ್ರವಲ್ಲ, ಎಲೆಕ್ಟ್ರಾನಿಕ್ ರೂಪದ ಯಾವುದೇ ದತ್ತಾಂಶವೂ 'ಮಾಹಿತಿ'ಯೇ. ಕೇಂದ್ರದ ಎನ್‌ಐಸಿ ಸರ್ಕಾರಿ ಬಳಕೆಗೆಂದೇ 'ಸಂದೇಶ್' ಆ್ಯಪ್ ಮಾಡಿದೆ. ಇನ್ನೊಂದೆಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರ್‌ಟಿಐನ 8(1)(ಜೆ) ಕಲಮನ್ನೇ ತಿದ್ದಿದೆ. 'ಇದು ವೈಯಕ್ತಿಕ ಮಾಹಿತಿ' ಅಂತ ಅಧಿಕಾರಿ ನುಣುಚಿಕೊಳ್ಳೋದು ಈಗ ಇನ್ನೂ ಸಲೀಸು. ಪ್ರಜೆಯನ್ನು ಕಾಪಾಡಬೇಕಾದ ಖಾಸಗಿತನ ಅಧಿಕಾರಿಯ ಗುರಾಣಿ ಆಗ್ತಿದೆ.

ಕೇಳಬೇಕಾದ್ದು ದೊಡ್ಡದೇನಲ್ಲ. ದೂರುದಾರರ ವಿವರ ಗ್ರೂಪಿಗೆ ಹಾಕಬೇಡಿ. ಚಾಟ್‌ನಲ್ಲಿ ಕೊಟ್ಟ ಆದೇಶವನ್ನು ಇಂತಿಷ್ಟು ದಿನದೊಳಗೆ ಫೈಲಿಗೆ ಏರಿಸಿ. ಸರ್ಕಾರಿ ಕೆಲಸದ ಚಾಟ್‌ನಲ್ಲಿ ತಾನಾಗಿ ಅಳಿಸುವ ಸೆಟ್ಟಿಂಗ್ ನಿಷೇಧಿಸಿ.

ಮುಂದಿನ ಸಲ ಯಾವುದಾದರೂ ಅಧಿಕಾರಿಯ ಚಾಟ್ ಲೀಕ್ ಆದಾಗ ಅವರ ವೈಯಕ್ತಿಕ ಜಗಳದ ಸ್ಕ್ರೀನ್‌ಶಾಟ್ ಹಂಚೋದನ್ನು ಬಿಡಿ. ಅದರಲ್ಲಿ ಯಾವ ಪ್ರಜೆಯ ವಿವರ ಸೋರಿತು, ಯಾವ ತೀರ್ಮಾನ ಫೈಲಿಗೆ ಬರಲೇ ಇಲ್ಲ ಅಂತ ಕೇಳಿ. ಉತ್ತರ ಕೊಡಬೇಕಾದ್ದು ಆ ಒಬ್ಬ ಅಧಿಕಾರಿ ಮಾತ್ರವಲ್ಲ, ಸರ್ಕಾರ.