ಚಿಟಿಕೆ ಇಂಗಾಲ, ಹಾಳೆಗೆ ಬಲ

ಅಂಗಡಿಯಿಂದ ತಂದ ಅಕ್ಕಿಯ ಚೀಲ ಹೊಸ್ತಿಲಲ್ಲೇ ಹರಿದು ಕಾಳು ಚೆಲ್ಲಿದಾಗ, ಪ್ಲಾಸ್ಟಿಕ್ ಇನ್ನಷ್ಟು ದಪ್ಪವಿರಬೇಕಿತ್ತೆಂದು ನಾವು ಗೊಣಗುತ್ತೇವೆ. ಆದರೆ ದಪ್ಪ ಹೆಚ್ಚಿದಷ್ಟೂ ತಿಪ್ಪೆ ಸೇರುವ ಪ್ಲಾಸ್ಟಿಕ್ಕೂ ಹೆಚ್ಚುತ್ತದೆ. ದಪ್ಪವನ್ನು ಹೆಚ್ಚಿಸದೆಯೇ ಬಲವನ್ನು ಹೆಚ್ಚಿಸಬಹುದೆ?

ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದರು. ಮಣ್ಣು ಒಣಗಿ ಬಿರುಕು ಬಿಡತೊಡಗಿದರೆ ಹುಲ್ಲಿನ ಎಳೆಗಳು ಅದನ್ನು ಹಿಡಿದು ನಿಲ್ಲಿಸುತ್ತಿದ್ದವು. ಪ್ಲಾಸ್ಟಿಕ್ಕಿನಲ್ಲಿ ಅಂಥದೇ ಕೆಲಸವನ್ನು ಗ್ರಾಫೀನ್ ಮಾಡಬಲ್ಲದು. ಮಕ್ಕಳ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಎಂಬುದು ಇಂಗಾಲದ ಪದರಗಳ ರಾಶಿ. ಅದರ ಒಂದೇ ಪದರ, ಕೇವಲ ಒಂದು ಪರಮಾಣುವಿನಷ್ಟು ದಪ್ಪದ್ದು, ಗ್ರಾಫೀನ್. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂದ್ರೆ ಗೈಮ್ ಹಾಗೂ ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಈ ಪದರವನ್ನು ಬಿಡಿಸಿ ತೋರಿಸಿದರು. 2010ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಪದರಗಳಿಗೆ ಒಂದು ದೋಷವುಂಟು. ಬಿಡಿಸಿದರೂ ಮರಳಿ ಒಂದಕ್ಕೊಂದು ಅಂಟಿಕೊಂಡು, ಸರಿಯಾಗಿ ತಿರುವದ ಅಂಬಲಿಯಂತೆ ಗಂಟು ಕಟ್ಟುತ್ತವೆ. ಹಾಳೆಯು ಗಂಟಿರುವೆಡೆಯಿಂದಲೇ ಹರಿಯತೊಡಗುತ್ತದೆ. ಆದುದರಿಂದ ಗ್ರಾಫೈಟನ್ನು ತೀಕ್ಷ್ಣವಾದ ಆಮ್ಲ ಮೊದಲಾದವುಗಳಿಂದ ಸಂಸ್ಕರಿಸಿ, ನೀರಿನಲ್ಲಿ ಬಿಡಿಬಿಡಿಯಾಗಿ ಹರಡಬಲ್ಲ ಗ್ರಾಫೀನ್ ಆಕ್ಸೈಡನ್ನು ಸಿದ್ಧಪಡಿಸುತ್ತಾರೆ. ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪ್ಲಾಸ್ಟಿಕ್ಕೂ ನೀರಿನಲ್ಲಿ ಕರಗುತ್ತದೆ. ಎರಡನ್ನೂ ನೀರಿನಲ್ಲಿಯೇ ಕೂಡಿಸಿ, ತೆಳುವಾಗಿ ಹರಡಿ ಒಣಗಿಸಿದರೆ ಹಾಳೆ ಸಿದ್ಧ. ಚೀನಾದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೂಕದ ಶೇ. 0.7ರಷ್ಟು, ಅಂದರೆ ಕಿಲೋಗ್ರಾಮಿಗೆ ಏಳೇ ಗ್ರಾಂ ಬೆರೆಸಿದಾಗ, ಎಳೆತವನ್ನು ತಾಳುವ ಬಲ ಶೇ. 76ರಷ್ಟು ಹೆಚ್ಚಿತು. ಬೆರೆಸಿದ್ದು ಎಷ್ಟೆಂಬುದಕ್ಕಿಂತ ಅದು ಹೇಗೆ ಹರಡಿಕೊಂಡಿತೆಂಬುದೇ ಇಲ್ಲಿ ಮುಖ್ಯ.

ಇದರಿಂದ ಹಿಗ್ಗುವ ಮೊದಲು ಒಂದು ಮಾತನ್ನು ನಾವು ಮರೆಯಬಾರದು. ಬಲ ಬಂದ ಮಾತ್ರಕ್ಕೆ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗಿಹೋಗುವುದಿಲ್ಲ. ಆಹಾರವನ್ನು ಕಟ್ಟುವ ಹಾಳೆಯಾದರೆ, ಬೆರೆಸಿದ ಕಣಗಳು ಆಹಾರಕ್ಕೆ ಇಳಿಯುವುದಿಲ್ಲವೆಂಬುದೂ ಪರೀಕ್ಷೆಯಿಂದ ಖಚಿತವಾಗಬೇಕು. ಹಾಳೆ ತೆಳುವಾದರೂ ತೊಂದರೆಯುಂಟು: ತೆಳು ಚೀಲಗಳು ಗಾಳಿಗೆ ಹಾರುತ್ತವೆ, ಅವನ್ನು ಆಯ್ದು ಕೂಡಿಸುವುದು ಕಷ್ಟ. 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ದೇಶದಲ್ಲಿ 2022ರ ಡಿಸೆಂಬರ್ 31ರಿಂದ ನಿಷೇಧಿಸಿರುವುದು ವಿನಾಕಾರಣವಲ್ಲ.

ವಿಜ್ಞಾನವು ಹಾಳೆಗೆ ಬಲ ಕೊಡಬಲ್ಲದು. ಅದನ್ನು ಎಷ್ಟು ಬಳಸಬೇಕು, ಬಳಸಿ ಎಲ್ಲಿ ಹಾಕಬೇಕೆಂಬ ವಿವೇಕ ಮನೆಯಲ್ಲಿಯೇ ಹುಟ್ಟಬೇಕು. ಬಾಗಿಲ ಹಿಂದಿನ ಗೂಟದಲ್ಲಿ ತೂಗುವ ಬಟ್ಟೆಯ ಚೀಲವನ್ನು ಸಂತೆಗೆ ಹೊರಡುವಾಗ ನೆನಪಿನಿಂದ ಕೈಗೆತ್ತಿಕೊಳ್ಳೋಣ.